ಗಡಿಯಾರದವರ ಪುಟ

ಗಡಿಯಾರ ರಿಪೇರಿಯವರು ಚುರುಕಣ್ಣನಿಗೆ ಖಡಾಖಂಡಿತವಾಗಿ ಹೇಳಿದ್ದರು. "ಸಂಜೆಯೊಳಗೆ ನಮ್ಮ ಅಂಗಡಿಯ ವೆಬ್‌ಸೈಟ್ ತೆರೆದು ತೋರಿಸಪ್ಪ. ಕೆಲಸ ನೋಡಿದ ಮೇಲೆ ಮಗಳ ಮಾತು ಆಡೋಣ."

ಚುರುಕಣ್ಣ ಎಂಬುದು ಅವನ ನಿಧಾನ ನೋಡಿ ಬೀದಿಯವರು ಇಟ್ಟ ಹೆಸರು. ಆದರೆ ಹಿಡಿದದ್ದನ್ನು ಬಿಡುವವನಲ್ಲ. ದೇವರಿಗೆ ಕೈಮುಗಿದು ಬೆಳಿಗ್ಗೆಯೇ ಕೆಲಸಕ್ಕೆ ಕೂತ.

ಮೆಟ್ಟಿಲ ಕೆಳಗಿನ ಅವನ ಕೋಣೆಯಲ್ಲಿ ಒಂದು ಲಿನಕ್ಸ್ ಸರ್ವರ್ ಇತ್ತು. ಒಂದೇ ವಠಾರದಲ್ಲಿ ಹಲವು ಸಂಸಾರ ಇದ್ದ ಹಾಗೆ ಬೀದಿಯ ಅಂಗಡಿಗಳ ವೆಬ್‌ಸೈಟುಗಳೆಲ್ಲ ಅದರಲ್ಲೇ ಇದ್ದವು. ಪ್ರತಿಯೊಬ್ಬರಿಗೂ ವರ್ಚುವಲ್ ಹೋಸ್ಟ್ ಎಂಬ ಒಂದು ಫೈಲು, ಅದರಲ್ಲಿ ಅವರ ಹೆಸರು. ಕೇಳಿದ ಹೆಸರು ಯಾವ ಫೈಲಿನಲ್ಲೂ ಸಿಗದಿದ್ದರೆ ಸರ್ವರ್, ದಾರಿ ತಪ್ಪಿದ ನೆಂಟರನ್ನು ಮೊದಲ ಮನೆಗೇ ನುಗ್ಗಿಸುತ್ತಿತ್ತು. ಆ ಮೊದಲ ಮನೆ ಶವಪೆಟ್ಟಿಗೆ ಮಾಡುವ ಬಡಗಿಯದು.

ಹೊಸ ಫೈಲು ಬರೆದು ಚುರುಕಣ್ಣ ತೆರೆದು ನೋಡಿದ. ಗಡಿಯಾರಗಳು ಚೆಂದವಾಗಿ ಮೂಡಿದವು. ಕೂಡಲೇ ಫೋನ್ ಮಾಡಿದ. "ನೋಡಿದ್ರಾ ಮಾವ?"

"ನೋಡಿದೆ. ನಮ್ಮ ಹೆಸರು ಒತ್ತಿದರೆ ಶವಪೆಟ್ಟಿಗೆ ಬರ್ತಿದೆ. ನನಗೇನೂ ಅಷ್ಟು ಅವಸರ ಇಲ್ಲಪ್ಪ."

"ನನಗೆ ಸರಿಯಾಗೇ ಕಾಣ್ತಿದೆಯಲ್ಲ ಮಾವ."

"ಮೊದಲು ಪುಟ ಸರಿಮಾಡು. ಮಾವ ಅನ್ನೋದು ಆಮೇಲೆ."

ಅಷ್ಟರಲ್ಲಿ ಬಡಗಿಯೇ ಇಣುಕಿದ. ವಿಷಯ ತಿಳಿದು, "ನನ್ನ ಪುಟಾನೇ ಇರಲಿ ಬಿಡೋ. ಹೇಗೂ ಎಲ್ಲರೂ ಕೊನೆಗೆ ನನ್ನ ಹತ್ರಾನೇ ಬರೋದು," ಎಂದ. ಅವನ ಫೋನು ಬಡಿದುಕೊಂಡಿತು. ಮಾತಾಡುತ್ತ ಹೊರಗೆ ಹೋದವನು ಮತ್ತೆ ಬರಲಿಲ್ಲ.

ಚುರುಕಣ್ಣ ಹಲ್ಲು ಕಚ್ಚಿ ಬಡಗಿಯ ಫೈಲನ್ನು ಪಟ್ಟಿಯ ಕೊನೆಗೆ ತಳ್ಳಿದ. ಸರ್ವರನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದ. "ಈಗ ನೋಡಿ."

"ಈಗ ಹೆರಿಗೆ ಆಸ್ಪತ್ರೆ ಬರ್ತಿದೆ," ಎಂದರು ಗಡಿಯಾರದವರು. "ಮದುವೆ ಮಾತೇ ಇನ್ನೂ ಆಗಿಲ್ಲ, ನೀನು ಎಲ್ಲಿಗೆ ಹೋಗಿ ಕೂತೆ?"

ಚುರುಕಣ್ಣ ಊಟ ಬಿಟ್ಟ. ಅಕ್ಕಿಯಲ್ಲಿ ಕಲ್ಲು ಆರಿಸುವವನಂತೆ ಸಾಲು ಸಾಲಾಗಿ ಓದಿದ. ತಪ್ಪು ಸಿಗಲಿಲ್ಲ. ಕೊನೆಗೆ, "ನೀವು ಒತ್ತೋದನ್ನ ಒಂದೊಂದೇ ಅಕ್ಷರ ಹೇಳಿ," ಎಂದ.

"ಮೊದಲು ಮೂರು ಡಬ್ಲ್ಯು, ಒಂದು ಚುಕ್ಕೆ, ಆಮೇಲೆ ನಮ್ಮ ಹೆಸರು. ಹಾಗೇ ಅಲ್ವಾ ಒತ್ತೋದು?"

ಚುರುಕಣ್ಣ ಹಣೆ ಚಚ್ಚಿಕೊಂಡ. ಅವನು ಬರೆದದ್ದೂ ಒತ್ತಿದ್ದೂ ಬರೀ ಹೆಸರನ್ನು. ಮೂರು ಡಬ್ಲ್ಯು ಹೊತ್ತು ಬಂದವರು ಸರ್ವರಿಗೆ ಬೇರೆಯೇ ಜನ. ಇಬ್ಬರೂ ಒಬ್ಬರೇ ಎಂದು ಫೈಲಿನಲ್ಲಿ ಒಂದು ಸಾಲು ಸೇರಿಸಿದ, ಅಷ್ಟೆ. ಗಡಿಯಾರಗಳು ಎಲ್ಲರಿಗೂ ಕಂಡವು.

ಸಂಜೆ ಗಡಿಯಾರದವರು ತಾವೇ ಬಂದರು. "ಬಿಡದೆ ಗಂಟುಬಿದ್ದೆಯಲ್ಲ, ಮೆಚ್ಚಿದೆ."

"ಹಾಗಾದ್ರೆ, ಮಗಳ ಮಾತು..."

"ಅದನ್ನೇ ಹೇಳೋಕೆ ಬಂದೆ. ಪೆಟ್ಟಿಗೆ ಪುಟ ನೋಡಿ ಅವಳಿಗೆ ಸಿಟ್ಟು ನೆತ್ತಿಗೇರಿತು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿ ಬಡಗೀನ ಚೆನ್ನಾಗಿ ಬೈದಳು. ಪಾಪ, ದುಃಖದಲ್ಲಿ ಬಂದವರ ಮಾತು ಕೇಳಿ ಕೇಳಿ ಅವನಿಗೆ ತಾಳ್ಮೆ ಜಾಸ್ತಿ. ಎಲ್ಲಾ ಬೈಸಿಕೊಂಡು, 'ನೀರು ಕುಡಿದು ಮುಂದುವರಿಸಿ' ಅಂದನಂತೆ. ಮಧ್ಯಾಹ್ನದವರೆಗೂ ಮಾತಾಡಿದ್ದಾರೆ. ಮದುವೆ ಆದ್ರೆ ಅವನನ್ನೇ ಅಂತಾಳೆ."

ಬಾಗಿಲ ಹಿಂದೆ ಬಡಗಿ ನೆಲ ನೋಡುತ್ತ ನಿಂತಿದ್ದ.

"ಮದುವೆಗೂ ಒಂದು ವೆಬ್‌ಸೈಟ್ ಬೇಕಪ್ಪ. ನಿನ್ನಷ್ಟು ಪಟ್ಟುಹಿಡಿದು ಮಾಡೋರು ಇನ್ಯಾರಿದ್ದಾರೆ?"

ಚುರುಕಣ್ಣ ಸರ್ವರಿನ ಕಡೆ ತಿರುಗಿದ. ಕುರ್ಚಿ ಎಳೆದುಕೊಂಡ.

"ಇಬ್ಬರ ಹೆಸರೂ ಹೇಳಿ. ಯಾರು ಹೇಗೆ ಒತ್ತಿದರೂ ಸಿಗೋ ಹಾಗೆ ಮಾಡ್ತೀನಿ."