ಅಕ್ಕನ ಮಿದುಳಿಗೆ ವ್ಯಾಯಾಮ

ನನಗೆ ಮರೆವು ಇಲ್ಲ. ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಹೇಳಿದ್ದೇನೆ ಕೂಡ; ಕೆಲವರ ಮುಂದೆ ಎರಡೆರಡು ಸಲ ಹೇಳಿದ್ದೇನೆಂದು ಅವರೇ ತಿಳಿಸಿದ್ದಾರೆ. ವಯಸ್ಸಾದ ಮೇಲೆ ಮನುಷ್ಯನ ಗಮನ ನಾಲ್ಕು ಕಡೆ ಹಂಚಿಹೋಗುತ್ತದೆ, ಅದನ್ನೇ ಮನೆಯವರು ಮರೆವು ಎನ್ನುತ್ತಾರೆ ಎಂಬುದು ನನ್ನ ಸಿದ್ಧಾಂತ. ಫ್ರಿಜ್ಜಿನ ಬಾಗಿಲು ತೆರೆದು ಸುಮ್ಮನೆ ನಿಂತವನು ಏನೋ ಮುಖ್ಯವಾದದ್ದನ್ನು ಯೋಚಿಸುತ್ತಿರುತ್ತಾನೆ. ಏನನ್ನು ಎಂದು ಮಾತ್ರ ಕೇಳಬಾರದು. ಅದನ್ನೇ ಅವನೂ ಹುಡುಕುತ್ತಿರುತ್ತಾನೆ.

ಬೀದರ್ ಕಡೆಯವನಾದ ನಾನು ನಾಸಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರನಾಗಿದ್ದು ನಿವೃತ್ತನಾದೆ. ಬೇರೆಯವರು ಬಿಗಿದ ನಟ್ಟು ಬೋಲ್ಟುಗಳಲ್ಲಿ ತಪ್ಪು ಹುಡುಕುವುದೇ ನನ್ನ ನೌಕರಿ. ಅಂಥವನ ತಲೆಯಲ್ಲೇ ಏನೋ ಸಡಿಲಾಗಿದೆ ಎಂದರೆ ಹೇಗೆ ಒಪ್ಪಿಯೇನು? ನನ್ನ ಹೆಂಡತಿ ಮಹಾದೇವಿ ಹೇಳಿ ನೋಡಿದಳು. ಪೇಪರಿನ ಸುಡೊಕು ಪುಟವನ್ನು ಪೆನ್ಸಿಲ್ ಸಮೇತ ಚಹಾದ ಪಕ್ಕ ಇಟ್ಟು ನೋಡಿದಳು. ನಾನು ಚಹಾ ಕುಡಿದು, ಕಪ್ಪನ್ನು ಸುಡೊಕು ಮೇಲೆ ಇಟ್ಟು ಎದ್ದುಬಿಡುತ್ತಿದ್ದೆ.

ಒಂದು ಸಲ ನಾವಿಬ್ಬರೂ ಔರಂಗಾಬಾದಿಗೆ, ನನ್ನ ದೊಡ್ಡಕ್ಕನ ಮನೆಗೆ ಹೊರಟಿದ್ದೆವು. ಊರಿಗೆ ಈಗಿನವರು ಸಂಭಾಜಿನಗರ ಅನ್ನುತ್ತಾರೆ. ನನ್ನ ನಾಲಿಗೆಗೆ ಇನ್ನೂ ಹಳೆಯ ರೂಢಿ. ಯೇವಲಾ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಚಹಾಕ್ಕೆಂದು ನಾನೊಬ್ಬನೇ ಇಳಿದೆ. ಚಹಾ ಕುಡಿದು, ಮಹಾದೇವಿಗೆ ಶೇಂಗಾ ಕಟ್ಟಿಸಿಕೊಂಡು ಬಂದು ಹತ್ತಿದೆ. ಕಿಟಕಿಯ ಬಿಸಿಲಿಗೆ ಆಕೆ ಹಸಿರು ಸೀರೆಯ ಸೆರಗನ್ನು ಮುಖದ ಮೇಲೆಳೆದುಕೊಂಡು ಮಲಗಿದ್ದಳು. ಎಬ್ಬಿಸುವುದು ಬೇಡವೆಂದು ಶೇಂಗಾ ಪೊಟ್ಟಣ ಮೆಲ್ಲಗೆ ಆಕೆಯ ಮಡಿಲಲ್ಲಿಟ್ಟು ನಾನೂ ಕಣ್ಣು ಮುಚ್ಚಿದೆ. ಕಂಡಕ್ಟರ್ ಬಂದು ಟಿಕೆಟ್ ಕೇಳಿದಾಗ, ಕಣ್ಣು ತೆರೆಯದೆಯೇ, “ಹೆಂಡತಿ ಹತ್ತಿರ ಇದೆ” ಎಂದು ಪಕ್ಕಕ್ಕೆ ಕೈ ತೋರಿಸಿದೆ. ಸೆರಗು ಸರಿಯಿತು. ಒಳಗಿದ್ದವರು ಯಾರೋ ಬೇರೆ ಹೆಂಗಸು. ಬಸ್ಸು ನಾಸಿಕಕ್ಕೆ ವಾಪಸು ಹೊರಟಿತ್ತು.

ಆಕೆ ದೊಡ್ಡ ಮನಸ್ಸಿನವರು. ಶೇಂಗಾ ಹಿಂದಿರುಗಿಸಿದರು, ಮಾತು ಬೆಳೆಸಲಿಲ್ಲ. ನನ್ನ ಫೋನು ಮಹಾದೇವಿಯ ಪರ್ಸಿನಲ್ಲಿ, ಮಹಾದೇವಿ ಔರಂಗಾಬಾದಿನ ದಾರಿಯಲ್ಲಿ. ಸುಮ್ಮನೆ ಮನೆಗೆ ಹೋಗಿ ಕುಳಿತೆ. ಎರಡು ಬಸ್ಸುಗಳಿಗೂ ಒಂದೇ ಕೆಂಪು ಬಣ್ಣ ಹೊಡೆದವರದು ತಪ್ಪು ಎಂದು ನಾನು ಇವತ್ತಿಗೂ ವಾದಿಸಬಲ್ಲೆ. ಆದರೆ ಎರಡು ದಿನ ಬಿಟ್ಟು ಮರಳಿ ಬಂದ ಮಹಾದೇವಿ ನನ್ನನ್ನು ಬೈಯಲೇ ಇಲ್ಲ. ಅದು ನನಗೆ ಬೈಗಳಿಗಿಂತ ಹೆಚ್ಚು ತಾಗಿತು.

ಆಮೇಲೆ ಕೆಲವೇ ದಿನಗಳಲ್ಲಿ ಅಕ್ಕನ ಫೋನು ಬಂತು. ಗುರಮ್ಮಕ್ಕ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಯಾವತ್ತೂ ಗಟ್ಟಿ ದನಿಯವಳು ಅಂದು ಮೆತ್ತಗೆ ಮಾತಾಡಿದಳು.

“ತಮ್ಮಾ, ನನಗ ಮರವು ಬರ್ಲಿಕ್ಕತ್ತದ. ಡಾಕ್ಟರು ಮಿದುಳಿಗೂ ವ್ಯಾಯಾಮ ಕೊಡ್ರಿ ಅಂತಾರ. ಇಲ್ಲಿ ಮಗ ಸೊಸಿ ಇಬ್ಬರೂ ಡ್ಯೂಟಿಗೆ ಹೋಗೋರು. ನೀ ಬಂದು ಏನಾರ ಕಲಸ್ತೀಯೇನು?”

ನಮ್ಮ ಅಪ್ಪ ಕಡೆಯ ವರ್ಷಗಳಲ್ಲಿ ನನ್ನನ್ನು ಪೋಸ್ಟ್‌ಮನ್ ಎಂದು ತಿಳಿದಿದ್ದ. ದಿನವೂ ಬಾಗಿಲಲ್ಲಿ ನನ್ನನ್ನು ಕಂಡು, “ನನ್ನ ಮಗಂದು ಏನಾರ ಕಾಗದ ಬಂದದೇನ್ರಿ?” ಎಂದು ಬಹುವಚನದಲ್ಲಿ ಕೇಳುತ್ತಿದ್ದ. ಇಲ್ಲ ಎಂದರೆ ಅವನ ಮುಖ ಸಣ್ಣದಾಗುತ್ತಿತ್ತು. ಹಾಗಾಗಿ ನಾನು ದಿನವೂ, ನಿಮ್ಮ ಮಗ ಆರಾಮಿದ್ದಾನಂತೆ ಎಂದು ನನ್ನ ಕ್ಷೇಮವನ್ನು ನಾನೇ ಹೇಳಿ ಬರುತ್ತಿದ್ದೆ. ಅಕ್ಕನಿಗೂ ಅದೇ ದಾರಿಯೇ ಎಂದು ಹೆದರಿದೆ. ನನ್ನ ವಿಷಯ ಬೇರೆ, ನನಗೆ ಮರೆವು ಇಲ್ಲವಲ್ಲ.

ಕಾರ್ಖಾನೆಯ ಶಿಸ್ತಿನಿಂದ ತಯಾರಿ ನಡೆಸಿದೆ. ನಾಸಿಕದ ಪೇಟೆಯಿಂದ ಮಕ್ಕಳ ಚಿತ್ರದ ಕಾರ್ಡು ತಂದೆ. ಎಲ್ಲವನ್ನೂ ಬೋರಲು ಹಾಕಿ, ಎರಡೆರಡು ತಿರುವಿ, ಆನೆಗೆ ಆನೆ, ಮಾವಿಗೆ ಮಾವು ಜೋಡಿ ಹಿಡಿಯಬೇಕು. ನೂರರಿಂದ ಏಳೇಳು ಕಳೆಯುತ್ತ ಹಿಂದಕ್ಕೆ ಬರುವುದು, ಎಡಗೈಯಲ್ಲಿ ಹೆಸರು ಬರೆಯುವುದು, ಸುಡೊಕು, ಎಲ್ಲ ಸೇರಿಸಿದೆ. ಕಲಿಸುವವನಿಗೆ ಬಾರದಿದ್ದರೆ ಮರ್ಯಾದೆ ಹೋಗುತ್ತದೆಂದು ದಿನವೂ ಮನೆಯಲ್ಲಿ ನಾನೇ ಮೊದಲು ಮಾಡಿ ನೋಡುತ್ತಿದ್ದೆ. ಮಹಾದೇವಿ ಅಡಿಗೆ ಬಿಟ್ಟು ಬಂದು ನನ್ನ ಎದುರು ಕೂತು ಆಡುತ್ತಿದ್ದಳು. ಗಂಡನ ಅಕ್ಕನ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ನನಗೆ ಅಭಿಮಾನ ಉಕ್ಕಿತು.

ಹದಿನೈದು ದಿನಕ್ಕೊಮ್ಮೆ, ಹಿರಿಯರ ಅರ್ಧ ಟಿಕೆಟ್ಟಿನಲ್ಲಿ ನಾನು ಔರಂಗಾಬಾದಿಗೆ ಹೋಗತೊಡಗಿದೆ. ಯೇವಲಾದಲ್ಲಿ ಇಳಿಯುತ್ತಿರಲಿಲ್ಲ. ಅಕ್ಕ ಒಳ್ಳೆಯ ವಿದ್ಯಾರ್ಥಿನಿ. ಹೇಳಿದ್ದೆಲ್ಲ ಮಾಡುತ್ತಿದ್ದಳು, ಮಾಡಿದ್ದೆಲ್ಲ ತಪ್ಪುತ್ತಿದ್ದಳು. “ಆನಿ ಎಲ್ಲಿತ್ತೋ ತಮ್ಮಾ?” ಎಂದು ಕಾರ್ಡುಗಳ ಮೇಲೆ ಕೈಯಾಡಿಸಿ, ಸರಿಯಾಗಿ ಆನೆಯ ಪಕ್ಕದ ಕಾರ್ಡನ್ನೇ ಎತ್ತುತ್ತಿದ್ದಳು. ಮೊದಮೊದಲು ನಾನೂ ತಡವರಿಸುತ್ತಿದ್ದೆ. ಬರಬರುತ್ತ ಸಾಲಾಗಿ ಜೋಡಿ ಹಿಡಿಯತೊಡಗಿದೆ. ಗೆದ್ದಾಗ ಖುಷಿಯಾಗುತ್ತಿತ್ತು, ಅಕ್ಕನ ಮುಖ ನೋಡಿ ಆ ಖುಷಿಗೆ ನಾಚಿಕೆಯೂ ಆಗುತ್ತಿತ್ತು.

ಒಂದು ಭಾನುವಾರ ಅಕ್ಕ ಗೇಟಿನ ಬಳಿ ತರಕಾರಿ ಗಾಡಿಯವನ ಜೊತೆ ಮೆಂತ್ಯೆ ಸೊಪ್ಪಿಗೆ ಚೌಕಾಶಿ ಮಾಡುತ್ತಿದ್ದಳು. ಅವಳ ಸೊಸೆ ವೈಶಾಲಿ ನನಗೆ ಚಹಾ ತಂದಳು. ಮರಾಠಿ ಹುಡುಗಿ, ಅತ್ತೆಯನ್ನು ಆಯಿ ಎಂದೂ ಮಹಾದೇವಿಯನ್ನು ಮಾಮಿ ಎಂದೂ ಕರೆಯುತ್ತಾಳೆ, ನನ್ನ ಜೊತೆ ಮಾತ್ರ ಹಠ ಹಿಡಿದು ಕನ್ನಡ ಮಾತಾಡುತ್ತಾಳೆ. ನಾನು ನಿಟ್ಟುಸಿರು ಬಿಟ್ಟದ್ದನ್ನು ನೋಡಿ ಸಮಾಧಾನ ಹೇಳಿದಳು.

“ಮಾಮಾ, ಕಾಳಜೀ ಮಾಡಬ್ಯಾಡ್ರಿ. ಭಾಳ ಸುಧಾರಣಾ ಆಗೇದ ಅಂತ ಆಯಿ ಮಾಮಿಗೆ ಫೋನ್‌ದಾಗ ಹೇಳಿದ್ರು.”

“ಯಾರದು ಸುಧಾರಣಾ?”

“ನಿಮ್ದು. ಮೊದಲ ನಿಮ್ಮ ಕೂಡ ಸೋಲಬೇಕಂದ್ರ ಆಯಿಗೆ ಭಾಳ ತ್ರಾಸ ಆಗ್ತಿತ್ತಂತ. ಈಗ ಅಷ್ಟು ತ್ರಾಸ ಇಲ್ಲಂತ.”

ನಾನು ಚಹಾ ಕುಡಿದೆ. ಬೇರೆ ಏನು ಮಾಡಲಿ? ಇದೆಲ್ಲ ನನಗೂ ಗೊತ್ತಿದ್ದೇ ನಡೆಯುತ್ತಿದೆ ಎಂದು ಆ ಹುಡುಗಿ ತಿಳಿದಿದ್ದಳು. ಹೆಂಡತಿ, ಅಕ್ಕ ಇಬ್ಬರೂ ಸೇರಿ, ನನಗೆ ಮಾಡಿಸಬೇಕಾದ ವ್ಯಾಯಾಮವನ್ನು ನನ್ನ ಕೈಯಿಂದಲೇ ಮಾಡಿಸಿದ್ದರು. ವಾಪಸು ಬರುವಾಗ ವೈಜಾಪುರ ದಾಟುವವರೆಗೂ ಸಿಟ್ಟಿನಲ್ಲಿ ಕುದಿಯುತ್ತಿದ್ದೆ. ಆಮೇಲೆ ಏಕೋ ಬೀದರಿನ ಮನೆಯ ಕಟ್ಟೆ ಕಣ್ಣ ಮುಂದೆ ಬಂತು. ಜ್ವರ ಬಂದ ನನಗೆ ಕಹಿ ಕಷಾಯ ಕುಡಿಸಲು ಅಕ್ಕ ಚೌಕಾಬಾರ ಆಡಲು ಕೂರುತ್ತಿದ್ದಳು. ಒಂದು ಗುಟುಕು ಕುಡಿದರೆ ಒಂದು ಕಾಯಿ ಬಿಟ್ಟುಕೊಡುತ್ತಿದ್ದಳು. ಆಗಲೂ ಆಟದಲ್ಲಿ ನಾನು ಭಾರಿ ಜಾಣನೆಂದೇ ತಿಳಿದಿದ್ದೆ.

ನಾನು ಯಾರಿಗೂ ಏನೂ ಹೇಳಲಿಲ್ಲ. “ಅಕ್ಕಾರು ಹ್ಯಾಂಗಿದಾರ್ರಿ?” ಎಂದು ಮಹಾದೇವಿ ಕೇಳಿದರೆ, “ಇನ್ನೂ ಸ್ವಲ್ಪ ಅಭ್ಯಾಸ ಬೇಕು” ಎಂದೆ. ನನಗೆ ಗೊತ್ತಾದದ್ದು ಮಹಾದೇವಿಗೆ ಗೊತ್ತಾಗಬಾರದು, ಅಕ್ಕನಿಗೆ ಗೊತ್ತಾಗಬಾರದು, ನನಗೆ ಗೊತ್ತಿರಲಿಲ್ಲ ಎಂಬುದು ವೈಶಾಲಿಗೆ ಗೊತ್ತಾಗಬಾರದು. ಇದನ್ನೆಲ್ಲ ನೆನಪಿಟ್ಟುಕೊಂಡು ಮಾತಾಡುವುದರ ಮುಂದೆ ಸುಡೊಕು ಮಕ್ಕಳಾಟ.

ಹೋದ ಸಲ ಹೀಗಾಯಿತು. ಕಾರ್ಡು ಹರಡಿ ಕೂತಿದ್ದೆವು. “ರೇವಣಾ, ನಿಂದು ಪಾಳಿ,” ಎಂದಳು ಅಕ್ಕ. ರೇವಣ ನಮ್ಮಿಬ್ಬರ ನಡುವಿನ ಅಣ್ಣ. ತೀರಿಹೋಗಿ ಎಷ್ಟೋ ಕಾಲವಾಯಿತು. ಅವಳು ತಿದ್ದಿಕೊಳ್ಳಲಿಲ್ಲ, ನಗಲೂ ಇಲ್ಲ. ಇದು ಆಟದ ಭಾಗವೋ ನಿಜವೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಆನೆ ಎಲ್ಲಿದೆಯೆಂದು ಗೊತ್ತಿದ್ದರೂ ನಾನು ಪಕ್ಕದ ಕಾರ್ಡು ಎತ್ತಿದೆ. ಮಾವನ್ನೂ ಬಿಟ್ಟೆ, ನವಿಲನ್ನೂ ಬಿಟ್ಟೆ. ಅಕ್ಕ ಗೆದ್ದಳು. ಗೆದ್ದ ಸಂತೋಷ ಮಾತ್ರ ಅವಳ ಮುಖದಲ್ಲಿ ಕಾಣಲಿಲ್ಲ. ನನ್ನನ್ನೇ ಬಹಳ ಹೊತ್ತು ನೋಡಿದಳು.

ಮನೆಗೆ ಬಂದರೆ ಮಹಾದೇವಿ ನೆನೆಸಿ ಸಿಪ್ಪೆ ಸುಲಿದ ಬಾದಾಮಿಯ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಅಕ್ಕಾರ ಫೋನ್ ಬಂದಿತ್ರಿ. ಅವರಿಗೆ ಅಭ್ಯಾಸ ಸಾಲವಲ್ದಂತ. ಇನ್ನ ಮ್ಯಾಲ ವಾರವಾರ ಹೋಗಿಬರ್ರಿ.”

“ಬಾದಾಮಿ ಯಾರಿಗೆ?”

“ನಿಮಗ. ಕಲಸೋ ಕೆಲಸ ಅಂದ್ರ ತ್ರಾಸಿಂದಲ್ಲೇನ್ರಿ,” ಎಂದಳು, ನನ್ನ ಕಣ್ಣು ತಪ್ಪಿಸಿ.

ಬಾದಾಮಿ ಅಗಿಯುತ್ತ ಕೂತಿದ್ದೇನೆ. ಮುಂದಿನ ವಾರ ನಾನು ಗೆದ್ದರೆ ಅಕ್ಕನ ಬಗ್ಗೆ ನನಗೆ ಚಿಂತೆ, ಸೋತರೆ ನನ್ನ ಬಗ್ಗೆ ಅಕ್ಕನಿಗೆ ಚಿಂತೆ. ಎಷ್ಟು ಜೋಡಿ ಹಿಡಿದರೆ ಇಬ್ಬರೂ ನೆಮ್ಮದಿಯಾಗಿರಬಹುದು ಎಂದು ಲೆಕ್ಕ ಹಾಕುತ್ತಿದ್ದೇನೆ. ವಿಮಾನದ ಕಾರ್ಖಾನೆಯಲ್ಲೂ ಇಷ್ಟು ತಲೆ ಓಡಿಸಿದ ನೆನಪು ನನಗಿಲ್ಲ.