ಆರ್ಲಿಸನ ಮನೆಗೆ ಬಂದ ಸೂತಕ

ಬುಧವಾರ ಬೆಳಿಗ್ಗೆ ಆರ್ಲಿಸ್ ಪೆಟಿಗ್ರೂ ಬಾಗಿಲು ತೆರೆದರೆ ಪಕ್ಕದ ಮನೆಯ ಜೂನೆಲ್ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಕೈಯಲ್ಲಿ, ಪಾತ್ರೆ ಸಮೇತ ಒಲೆಯಲ್ಲಿ ಬೇಯಿಸಿದ, ಹಬೆಯಾಡುವ ಚಿಕನ್ ಕ್ಯಾಸರೋಲ್. ಪಾತ್ರೆಯ ತಳಕ್ಕೆ ಅವಳ ಹೆಸರು ಬರೆದ ಚೀಟಿ. ಸಾವಿನ ಮನೆಗೆ ಅಡುಗೆ ತುಂಬಿ ಕೊಟ್ಟ ಪಾತ್ರೆ ತಪ್ಪದೆ ವಾಪಸ್ಸು ಬರಲೆಂದು ಟೆನ್ನೆಸ್ಸಿಯ ಈ ಊರಿನ ಹೆಂಗಸರು ಅಳುತ್ತಲೇ ಚೀಟಿ ಅಂಟಿಸುತ್ತಾರೆ.

"ನಮ್ಮನೇಲಿ ಯಾರು ಸತ್ರು?" ಎಂದ ಆರ್ಲಿಸ್.

"ಬಕ್ ಟಾಲಿವರ್ ಹೋಗ್ಬಿಟ್ನಂತೆ ಕಣೋ! ಕೆಂಟಕಿಯ ಹೋಟೆಲಲ್ಲಿ ಎದೆ ಹಿಡ್ಕೊಂಡು ಬಿದ್ನಂತೆ, ರೇಡಿಯೋದಲ್ಲಿ ಹೇಳಿದ್ರು. ಅವನ ಮನೆ ಎಲ್ಲೋ ದೂರ. ನಮಗೆ ಸಿಗೋ ಹತ್ತಿರದವನು ಅಂದ್ರೆ ನೀನೇ."

ಹತ್ತಿರದವನೇನೋ ನಿಜ. ಹಳ್ಳಿಗಾಡಿನ ಕಂಟ್ರಿ ಹಾಡುಗಾರರ ದೊರೆ ಬಕ್‌ನ ಮೀಸೆ, ಹ್ಯಾಟು, ಕಾಲೆಳೆದು ನಡೆಯುವ ಠೀವಿಯನ್ನು ಆರ್ಲಿಸ್ ಹತ್ತೊಂಬತ್ತು ವರ್ಷಗಳಿಂದ ಹೊತ್ತು ತಿರುಗುತ್ತಿದ್ದ; ಊರಿನ ಥಿಯೇಟರಿನಲ್ಲಿ ಬಕ್‌ನ ವೇಷ ಹಾಕಿ ಅವನ ಹಾಡು ಹಾಡುವುದೇ ಇವನ ಕಸುಬು. ಬಕ್‌ಗೆ ಸೊಂಟನೋವು ಬಂದ ವರ್ಷ ಇವನೂ ಬಗ್ಗಿ ನಡೆದಿದ್ದ. ಆದರೂ ಜನ ಬರುವುದು ನಿಂತಿತ್ತು. ಥಿಯೇಟರಿನ ಒಡತಿ ಮಿಸ್ ವೆರ್ನಾ ಹಿಂದಿನ ದಿನವಷ್ಟೇ ಕಡ್ಡಿ ಮುರಿದಂತೆ ಹೇಳಿದ್ದಳು: "ನಾಳೆ ಮಧ್ಯಾಹ್ನದ ಆಟಕ್ಕೆ ಅರ್ಧ ಹಾಲ್ ತುಂಬ್ಲಿಲ್ಲಾಂದ್ರೆ ನಿನ್ನ ಜಾಗಕ್ಕೆ ಮಾತಾಡೋ ಗೊಂಬೆಯವನು ಬರ್ತಾನೆ."

ಹತ್ತು ಗಂಟೆಗೆ ಮೇಜಿನ ಮೇಲೆ ಹನ್ನೊಂದು ಪಾತ್ರೆಗಳಾದವು. ಪಾದ್ರಿ ಬಂದು ಆರ್ಲಿಸನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಮೂರು ಸಲ ಬಡಿಸಿಕೊಂಡು ತಿಂದರು. ಹೊರಡುವಾಗ ಅವನ ಮೀಸೆಯನ್ನು ಮೆಲ್ಲಗೆ ಸವರಿ, "ಇದನ್ನ ಜೋಪಾನ ಮಾಡ್ಕೋ ಮಗಾ. ಭೂಮಿ ಮೇಲೆ ಉಳಿದಿರೋದು ಇದೊಂದೇ" ಎಂದರು.

ಅಷ್ಟರಲ್ಲಿ ವೆರ್ನಾಳ ಫೋನು. "ಥಿಯೇಟರ್ ಮುಂದೆ ಕಾಲಿಡೋಕೆ ಜಾಗ ಇಲ್ಲ ಕಣೋ! ಇನ್ನು ವರ್ಷಪೂರ್ತಿ ನೀನೇ! ಕಪ್ಪು ಕೋಟು ಹಾಕ್ಕೊಂಡು ಬಾ."

ಆರ್ಲಿಸ್ ಸಿಳ್ಳೆ ಹಾಕುತ್ತ ಬೂಟು ಒರೆಸತೊಡಗಿದ. ಹೆಂಡತಿ ಲೋರೀನ್ ಕೆಕ್ಕರಿಸಿದಳು. "ಹೆಣ ಇನ್ನೂ ಮಣ್ಣಿಗಿಟ್ಟಿಲ್ಲ, ಸಿಳ್ಳೆ ಹಾಕ್ತೀಯಾ?"

"ದುಃಖದ ಸಿಳ್ಳೆ ಕಣೇ" ಎಂದ.

ಮಧ್ಯಾಹ್ನ ಮೂರನೇ ಹಾಡಿಗೇ ಇಡೀ ಹಾಲ್ ಗೊಳೋ ಎಂದು ಅಳುತ್ತಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಯಾರೂ ಆರ್ಲಿಸನನ್ನು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ. ಆಗ ವೆರ್ನಾ ಏದುಸಿರು ಬಿಡುತ್ತ ವೇದಿಕೆಗೆ ಬಂದು ಮೈಕು ಕಿತ್ತುಕೊಂಡಳು.

"ಬಕ್ ಸತ್ತಿಲ್ಲ! ಮನೇಲಿ ಮೀನು ಹುರ್ಕೊಂಡು ಕೂತಿದ್ದಾನಂತೆ! ಕೆಂಟಕಿಯಲ್ಲಿ ಸತ್ತೋನು ಯಾವನೋ ಅವನ ವೇಷದವನು. ಮೀಸೆ ನೋಡಿ ಮೋಸ ಹೋದ್ರಂತೆ."

ಹಾಲ್ ಎದ್ದು ಕುಣಿಯಿತು. "ದೇವರು ದೊಡ್ಡವನು! ಬರೀ ನಕಲಿಯವನು!" ಪಾದ್ರಿಗಳೇ ಹ್ಯಾಟು ಹಾರಿಸಿದರು.

ಆರ್ಲಿಸ್ ತನ್ನ ಹ್ಯಾಟು ತೆಗೆದು ಎದೆಗೊತ್ತಿಕೊಂಡ. "ಅವನ ಹೆಸರೇನಂತೆ?" ಎಂದು ಕೇಳಿದ. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಐದು ನಿಮಿಷದಲ್ಲಿ ಹಾಲ್ ಖಾಲಿಯಾಯಿತು. ವೆರ್ನಾ ಗೊಂಬೆಯವನಿಗೆ ಫೋನು ಮಾಡಲು ಒಳಗೆ ಹೋದಳು.

ಮನೆಗೆ ಬಂದರೆ ಹೆಂಗಸರು ಪಾತ್ರೆಗಳ ತಳ ನೋಡಿ ನೋಡಿ ತಮ್ಮ ತಮ್ಮದನ್ನು ಎತ್ತಿಕೊಳ್ಳುತ್ತಿದ್ದರು. "ಅಯ್ಯೋ, ಸಾವೇ ಆಗದ ಮನೇಲಿ ಇಷ್ಟು ತಿಂದ್ಬಿಟ್ರಾ?" ಎಂದು ಜೂನೆಲ್ ಹಲುಬಿದಳು.

ಆಗಲೇ ಫೋನು ಬಂತು. ಕೆಂಟಕಿಯ ಥಿಯೇಟರಿನವರು.

"ನಮ್ಮ ಬಕ್ ತೀರ್ಕೊಂಡ. ನಾಳೆ ಆಟ ಇದೆ. ನೀನು ಬರ್ತೀಯಾ?"

ಆರ್ಲಿಸ್ ಮತ್ತೆ ಹ್ಯಾಟು ತೆಗೆದ. "ಪಾಪ, ಅವನ ಹೆಸರೇನು?"

"ಹೆಸರಾ? ನಾವು ಬಕ್ ಅಂತಾನೇ ಕರೀತಿದ್ವಿ."

"ಸರಿ, ಬರ್ತೀನಿ. ನನ್ನ ಹೆಸರು ಆರ್ಲಿಸ್…"

"ಅದೆಲ್ಲ ಯಾಕಪ್ಪಾ? ಕೋಟಿನ ಅಳತೆ ಹೇಳು."

ಆರ್ಲಿಸ್ ಹೇಳಿದ.

"ಸರಿಹೋಯ್ತು! ಅವನ ಕೋಟು ಇಲ್ಲೇ ಗೂಟದಲ್ಲಿದೆ, ಅದೇ ಆಗತ್ತೆ."