ಮಾಡಿ ಕಲಿತ ಮೂರು ಪಾಠ

ಬರೀ ಹೇಳುವುದಕ್ಕಿಂತ ಮಕ್ಕಳ ಕೈಯಲ್ಲೇ ಮಾಡಿಸಿದರೆ ಪಾಠ ಚೆನ್ನಾಗಿ ತಲೆಗೆ ಹತ್ತುತ್ತದೆ ಎಂದು ನಂಬಿದ ಟೀಚರಿಗೆ ವರ್ಷಕ್ಕೊಂದಾದರೂ ಇಂಥದ್ದು ಆಗುತ್ತದೆ. ನನಗಂತೂ ರಿಟೈರಾಗುವವರೆಗೂ ಆಗುತ್ತಲೇ ಇತ್ತು.

ತಕ್ಕಡಿ

ತೊಂಬತ್ತರ ದಶಕ. ನಂಜನಗೂಡಿನ ಒಂದು ಪ್ರೈಮರಿ ಶಾಲೆಯಲ್ಲಿದ್ದೆ. ತೂಕದ ಪಾಠಕ್ಕೆ ಬೋರ್ಡಿನ ಮೇಲೆ ತಕ್ಕಡಿ ಬರೆದು ಏನು ಬಂತು ಅಂತ, ದಿನಸಿ ಅಂಗಡಿಯವರ ಮಕ್ಕಳಿಬ್ಬರಿಗೆ ಮನೆಯಿಂದ ತರಲು ಹೇಳಿದೆ. ಒಬ್ಬ ತಕ್ಕಡಿ ಜೊತೆಗೆ ಒಂದು ಕೆಜಿ ತೂಕದ ಬಟ್ಟು ತಂದ, ಇನ್ನೊಬ್ಬ ಬಟ್ಟು ಮಾತ್ರ. ಎರಡೂ ಸಮ ಅಂತ ತೋರಿಸಲು ಆ ಕಡೆಗೊಂದು ಈ ಕಡೆಗೊಂದು ಇಡಿಸಿದೆ. ತಕ್ಕಡಿ ತಂದವನ ಬಟ್ಟು ಮೇಲೆ ಹೋಗಿ ಕೂತಿತು. ತಟ್ಟೆ ಬದಲಾಯಿಸಿದರೂ ಅದೇ ಮೇಲೆ. ಅರ್ಧ ಕ್ಲಾಸಿನ ಮಕ್ಕಳ ಮನೆಗೆ ಅಕ್ಕಿ ಬರುತ್ತಿದ್ದದ್ದು ಅವನ ಮನೆಯವರ ಅಂಗಡಿಯಿಂದಲೇ.

ಮಾರನೇ ದಿನ ಅವನಪ್ಪ ಬಂದರು. ಜಗಳವಾಡಲಿಲ್ಲ, ಕೈ ಮುಗಿದರು. "ಬಾಯಲ್ಲೇ ಹೇಳ್ಕೊಡಿ ಮೇಡಂ. ನಮ್ಮುಡುಗ ಬುದ್ಧಿವಂತ, ಕೇಳ್ಕಂಡೇ ಕಲ್ತ್ಕತ್ತಾನೆ."

ಕೈ ತೊಳೆಯುವುದು

ಆಮೇಲೆ ತಿ. ನರಸೀಪುರ ತಾಲ್ಲೂಕಿಗೆ ವರ್ಗವಾಯಿತು, ಹೆಮ್ಮಿಗೆ ಕಡೆಯ ಒಂದು ಹಳ್ಳಿಗೆ. ಶಾಲೆಯಲ್ಲಿ ಮಧ್ಯಾಹ್ನದ ಊಟ ಶುರುವಾಗಿತ್ತು. ಊಟಕ್ಕೆ ಮುಂಚೆ ಕೈ ತೊಳೆಯುವುದನ್ನು ಮಾಡಿಸಿಯೇ ಕಲಿಸಬೇಕೆಂದು ಮೇಲಿನವರು ಹೇಳಿದ್ದರು. ನಲ್ಲಿ ಹಾಕಿಸಿದ್ದರು, ನೀರು ಮಾತ್ರ ಬರುತ್ತಿರಲಿಲ್ಲ. ಅಂಗೈ, ಹಿಂಗೈ, ಬೆರಳ ಸಂದಿ ಅಂತ ಒಣಗೈಯಲ್ಲೇ ಕಲಿಸಿದೆ.

ಅಧಿಕಾರಿಗಳು ನೋಡಲು ಬಂದು, ಎರಡನೇ ಕ್ಲಾಸಿನ ಹುಡುಗಿಗೆ ಕೈ ತೊಳೆದು ತೋರಿಸು ಅಂದರು. ಅವಳು ನಲ್ಲಿ ಮುಂದೆ ನಿಂತು ಒಂದೂ ತಪ್ಪದಂತೆ ಉಜ್ಜಿದಳು, ಕೊಡವಿದಳು, ಲಂಗಕ್ಕೆ ಒರೆಸಿಕೊಂಡಳು. ನಲ್ಲಿ ಯಾಕೆ ತಿರುಗಿಸಲಿಲ್ಲ ಅಂತ ಕೇಳಿದರು.

"ನೀರು ನಮ್ ಪಾಠದಲ್ಲಿಲ್ಲ ಸಾ."

ಚುನಾವಣೆ

ಅದೇ ಶಾಲೆ, ಏಳನೇ ಕ್ಲಾಸು. ಚುನಾವಣೆ ಪಾಠ ಬಂದಾಗ ಕ್ಲಾಸ್ ಲೀಡರ್ ಆಯ್ಕೆಗೆ ನಿಜವಾದ ವೋಟೇ ಹಾಕಿಸಿದೆ. ಚೀಟಿ, ಡಬ್ಬ, ಬೆರಳಿಗೆ ಮಸಿ, ಎಲ್ಲ ಉಂಟು. ನಿಂತವರು ಇಬ್ಬರು: ಶಾಲಾ ಸಮಿತಿ ಅಧ್ಯಕ್ಷರ ಮೊಮ್ಮಗ, ಊರಾಚೆಯ ಕಾಲೋನಿಯ ಒಬ್ಬಳು ಹುಡುಗಿ. ಹುಡುಗಿ ಗೆದ್ದಳು. ಮಾರನೇ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಬಂದು, ಪ್ರಾರ್ಥನೆಗೆ ಸಾಲು ನಿಲ್ಲಿಸಿದಳು.

ಸಂಜೆ ಅಧ್ಯಕ್ಷರು ಹೆಡ್‌ಮಾಸ್ಟರ ಹತ್ತಿರ ಬಂದರು. "ಮಕ್ಳಾಟ ಆಡ್ಸಿ ಸಾ, ಬ್ಯಾಡ ಅನ್ನಕಿಲ್ಲ. ಆದ್ರೆ ನಮ್ಮುಡುಗ ಅವಳು ನಿಲ್ಸಿದ್ ಕಡೆ ನಿಲ್ಲಕಾದದಾ?"

ಆಗಲಿಲ್ಲ. ಮರುದಿನದಿಂದ ಮೊಮ್ಮಗನೇ ಲೀಡರು. ಹುಡುಗಿಗೆ ಓದಿನ ಕಡೆ ಗಮನ ಇರಲಿ ಅಂತ ಹೆಡ್‌ಮಾಸ್ಟರು ಘೋಷಿಸಿದರು. ನಾನು ವಾದ ಮಾಡಿದ್ದಕ್ಕೆ, ಇನ್ನೂ ದೂರದ ಊರುಗಳಿಗೂ ವರ್ಗ ಸಿಗುತ್ತದೆ ಅಂತ ನೆನಪಿಸಿದರು.

ಆ ತಿಂಗಳೇ ಅಧಿಕಾರಿಗಳು ಮತ್ತೆ ಬಂದರು. ವೋಟು ಯಾರಿಗೆ ಜಾಸ್ತಿ ಬಂತು ಅಂದರೆ ಇಡೀ ಕ್ಲಾಸು ಹುಡುಗಿಯನ್ನು ತೋರಿಸಿತು. ಲೀಡರು ಯಾರು ಅಂದರೆ ಹುಡುಗನನ್ನು ತೋರಿಸಿತು. ಹಾಗಾದರೆ ಚುನಾವಣೆಯಿಂದ ಏನು ಕಲಿತಿರಿ ಅಂತ ಕೇಳಿದರು. ಆ ಹುಡುಗಿಯೇ ಎದ್ದು ಕೈಕಟ್ಟಿ, ಮಗ್ಗಿ ಒಪ್ಪಿಸುವ ದನಿಯಲ್ಲಿ ಹೇಳಿದಳು:

"ಗೆಲ್ಲೋರು ಒಬ್ರು ಸಾ, ಆಗೋರು ಒಬ್ರು."

ಅಧಿಕಾರಿಗಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಕ್ಕಳಿಗೆ ವಿಷಯ ಚೆನ್ನಾಗಿ ಅರ್ಥವಾಗಿದೆ, ಪಾಠ ಮಾಡಿದರೆ ಹೀಗೆ ಮಾಡಬೇಕು ಅಂತ ಎಲ್ಲರ ಮುಂದೆ ನನ್ನನ್ನು ಹೊಗಳಿದರು.